ಪಂಚಶೀಲಾ ಮೇಡಂ ತಿದ್ದಿದ ಲೆಕ್ಕ

ದ್ವಿತೀಯ ಪಿಯುಸಿಯ ಭೌತಶಾಸ್ತ್ರ ಪರೀಕ್ಷೆಗೆ ಇನ್ನು ಎರಡೇ ದಿನ ಉಳಿದಿತ್ತು. ಗೋಗಿ ಊರಿನ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಪಂಚಶೀಲಾ, ತಾನೇ ಬರೆದು ಝೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚಿದ್ದ ಲೆಕ್ಕದ ಹಾಳೆಗಳನ್ನು ತಿರುವಿ ಹಾಕುತ್ತಿದ್ದಳು. ಏಳನೆಯ ಲೆಕ್ಕಕ್ಕೆ ಬಂದಾಗ ಆಕೆಯ ಕಣ್ಣು ಅಲ್ಲೇ ನಿಂತಿತು.

ಲೆಕ್ಕವೇನೋ ಸಣ್ಣದೇ. ಆರು ಸೆಂಟಿಮೀಟರ್ ಅಂತರದಲ್ಲಿ ಎರಡು ವಿದ್ಯುದಾವೇಶಗಳು. ಎಡಕ್ಕೆ ನಾಲ್ಕು ಮೈಕ್ರೊಕೂಲಂ ಧನ, ಬಲಕ್ಕೆ ಅಷ್ಟೇ ಪ್ರಮಾಣದ ಋಣ. ಅವುಗಳ ನಟ್ಟನಡುವಿನಿಂದ ನಾಲ್ಕು ಸೆಂಟಿಮೀಟರ್ ಮೇಲೆ ಒಂದು ಬಿಂದು. ಅಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು, ಯಾವ ದಿಕ್ಕಿಗೆ? ಧನ ಆವೇಶದ ಬಾಣ ಅದರಿಂದ ಆಚೆಗೆ ಹೋಗುತ್ತದೆ, ಋಣ ಆವೇಶದ ಬಾಣ ಅದರ ಕಡೆಗೇ ಬರುತ್ತದೆ. ಅಂದರೆ ಒಂದು ಬಾಣ ಬಲಕ್ಕೆ ಮೇಲೇರಬೇಕು, ಇನ್ನೊಂದು ಬಲಕ್ಕೆ ಕೆಳಗಿಳಿಯಬೇಕು. ಮೇಲಿನದೂ ಕೆಳಗಿನದೂ ಒಂದಕ್ಕೊಂದು ವಜಾ ಆಗಿ, ಬಲದ ಪಾಲು ಮಾತ್ರ ಕೂಡಬೇಕು. ಆದರೆ ಪಂಚಶೀಲಾ ಬರೆಯುವ ಗಡಿಬಿಡಿಯಲ್ಲಿ ಎರಡೂ ಧನವೆಂದು ಹಿಡಿದು ಬಿಡಿಸಿಬಿಟ್ಟಿದ್ದಳು. ಹಾಳೆಯ ಮೇಲಿನ ಬಾಣ ನೆಟ್ಟಗೆ ಮೇಲಕ್ಕೆ ನಿಂತಿತ್ತು. ಮೂವತ್ತೊಂದು ಮಕ್ಕಳು ಅದನ್ನೇ ಓದುತ್ತಿದ್ದರು.

ಆಕೆ ಕೆಂಭಾವಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ನೇಮಕದ ಆದೇಶ ಬರಬೇಕು. ಅದು ಬರುವ ಮೊದಲೇ ಆಕೆ ತರಗತಿಯಲ್ಲಿರುತ್ತಿದ್ದಳು. ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಂಡರೆ ಗೌರವ ಕಡಿಮೆಯಾಗುತ್ತದೆ ಎಂದು ಹಿರಿಯರೊಬ್ಬರು ಹಿಂದೆ ಬುದ್ಧಿ ಹೇಳಿದ್ದರು. ಆ ಮಾತು ಆಕೆಯ ಕಿವಿಗೆ ಬಿದ್ದಿತ್ತೇ ಹೊರತು ಒಳಗೆ ಇಳಿದಿರಲಿಲ್ಲ.

ಫೋನು ತೆಗೆದು ತರಗತಿಯ ವಾಟ್ಸಪ್ ಗುಂಪಿಗೆ ಬರೆದಳು: ‘ಏಳನೇ ಲೆಕ್ಕ ನಾನು ತಪ್ಪು ಮಾಡೀನಿ. ಸರಿ ಉತ್ತರ ಕಳಿಸೀನಿ, ನೋಡ್ರಿ.’ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂಬತ್ತು ಜನ ನೋಡಿಯಾಗಿತ್ತು. ಉಳಿದವರು ಇಬ್ಬರು, ಕಾಂತೇಶ ಮತ್ತು ಮೆಹನಾಜ. ಇಬ್ಬರ ಬಳಿಯೂ ವಾಟ್ಸಪ್ ಇರುವ ಫೋನಿರಲಿಲ್ಲ.

ಪಂಚಶೀಲಾ ಚಪ್ಪಲಿ ಮೆಟ್ಟಿಕೊಂಡಳು. ತಾಯಿ ಬಸ್ಸಮ್ಮ ಒಳಗಿನಿಂದಲೇ ಕೇಳಿದಳು, “ಬಿಸಲಾಗ ಎಲ್ಲಿಗಿ ಹೊಂಟೀಯವ್ವ? ಅದೊಂದ ಲೆಕ್ಕ ಪೇಪರಿನ್ಯಾಗ ಬರ್ತದಂತ ಯಾರ್ ಹೇಳ್ಯಾರ?”

“ಬರ್ಲಿ ಬಿಡ್ಲಿ ಯವ್ವ. ನಾ ಬರದೀನಂತ ಅವ್ರು ನಂಬಿರ್ತಾರ.”

ಮೊದಲು ಕಾಂತೇಶನ ಕಡೆ ಹೋದಳು. ಟಂಟಂ ಆಟೋದಿಂದ ಇಳಿದು ಮೂರು ಕಿಲೋಮೀಟರು ನಡೆದರೆ ಅವರ ಜೋಳದ ಹೊಲ. ಅವನು ತೆನೆ ಮುರಿಯುತ್ತಿದ್ದವನು ಮೇಡಂರನ್ನು ಕಂಡು ಕುಡುಗೋಲು ಕೆಳಗಿಟ್ಟು ಗಾಬರಿಯಿಂದ ನಿಂತ. ಆಕೆ ಬೆವರು ಒರೆಸಿಕೊಳ್ಳುತ್ತ ತಪ್ಪನ್ನೆಲ್ಲ ವಿವರಿಸಿದಳು. ಅವನು ತಲೆ ಕೆರೆದುಕೊಂಡ.

“ಮೇಡಂರಿ, ಸಿಟ್ಟಾಗಬ್ಯಾಡ್ರಿ. ನಾ ಆ ಹಾಳಿ ಇನ್ನಾ ತಗದೇ ನೋಡಿಲ್ರಿ.”

ಪಂಚಶೀಲಾಗೆ ನಗುವೂ ಬಂತು, ಸಿಟ್ಟೂ ಬಂತು. “ಹಂಗಾದ್ರ ತಪ್ಪು ಕಲ್ತಿಲ್ಲ, ಚೊಲೋ ಆತು. ಕುಂದ್ರು, ಈಗ ಸರಿಯಾದ್ದು ಕಲಿ,” ಎಂದಳು. ಬದುವಿನ ಮೇಲೆ ಕೂರಿಸಿ, ಮಣ್ಣಿನಲ್ಲಿ ಕಡ್ಡಿಯಿಂದ ಬಾಣ ಎಳೆಸಿದಳು. ಮೊದಲ ಸಲ ಅವನು ಎರಡು ಕ್ಷೇತ್ರಗಳ ಅಂಕಿಗಳನ್ನು ನೇರ ಕೂಡಿಬಿಟ್ಟ. ಎರಡನೆಯ ಸಲ ದಿಕ್ಕು ನೋಡಿದ. ಮೂರನೆಯ ಸಲಕ್ಕೆ ಕೈ ತಾನಾಗಿಯೇ ಬಲಕ್ಕೆ ಹೋಯಿತು. ಆಮೇಲೇ ಆಕೆ ಎದ್ದಳು.

ಕೆಂಭಾವಿಗೆ ಬಂದಾಗ ಸಂತೆ ತುಂಬಿತ್ತು. ಮೆಹನಾಜಳ ಅಜ್ಜಿ ಮಸ್ತಾನಬಿ ಒಣಮೆಣಸಿನಕಾಯಿಯ ಗುಡ್ಡೆಗಳ ಹಿಂದೆ ಕುಳಿತಿದ್ದಳು. ಮೊಮ್ಮಗಳು ಆಕೆಯ ಬೆನ್ನಿಗೆ ಬೆನ್ನು ಕೊಟ್ಟು, ಘಾಟಿಗೆ ಮೂಗಿಗೆ ದುಪಟ್ಟ ಕಟ್ಟಿಕೊಂಡು ಓದುತ್ತಿದ್ದಳು.

“ಬರ್ರಿ ಮೇಡಂರಿ, ಕುಂದರ್ರಿ,” ಎಂದು ಮಸ್ತಾನಬಿ ಚೀಲವೊಂದನ್ನು ಮಡಚಿ ಹಾಸಿದಳು. “ಹುಡುಗಿ ಏನರ ತಪ್ಪು ಮಾಡ್ಯಾಳೇನ್ರಿ?”

“ಇಲ್ರಿ. ನಾ ಮಾಡೀನಿ.”

ಏಳನೆಯ ಲೆಕ್ಕ ಎಂದ ಕೂಡಲೇ ಮೆಹನಾಜ ತಲೆ ತಗ್ಗಿಸಿದಳು. ನೋಟ್‌ಬುಕ್ ತೆರೆದು ಮುಂದೆ ಹಿಡಿದಳು. ಅಲ್ಲಿ ಹಾಳೆಯಲ್ಲಿದ್ದ ತಪ್ಪು ಉತ್ತರವೇ ಅಂದವಾಗಿ ಬರೆದಿತ್ತು. ಆದರೆ ಅದರ ಅಡಿಯಲ್ಲಿ, ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳ್ಳಗಾದ ಜಾಗದಲ್ಲಿ, ಬೇರೆ ಅಂಕಿಗಳ ಗುರುತು ಇನ್ನೂ ಕಾಣುತ್ತಿತ್ತು.

“ನಂಗ ಒಂದು ಕೋಟಿ ಎಪ್ಪತ್ಮೂರು ಲಕ್ಷ ಬಂದಿತ್ರಿ. ಬಲಕ್ಕ,” ಎಂದಳು ಮೆಹನಾಜ ಮೆಲ್ಲಗೆ. “ನಾಕ್ ಸರ್ತಿ ಮಾಡಿದ್ರೂ ಅದೇ ಬಂತು. ಮೇಡಂರು ಬರದದ್ದು ತಪ್ಪಿರಂಗಿಲ್ಲ, ನಂದೇ ತಪ್ಪಿರ್ತದಂತ ಅಳಿಸಿ ನಿಮ್ಮದು ಬರಕೊಂಡೆ.”

ಪಂಚಶೀಲಾ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಲೆಕ್ಕ ತಪ್ಪಿದ್ದಕ್ಕಿಂತ ಇದು ದೊಡ್ಡದು ಎಂದು ಆಕೆಗೆ ಅನಿಸಿತು. ಸರಿಯಾದದ್ದನ್ನು ನಾಲ್ಕು ಸಲ ಕಂಡುಹಿಡಿದ ಹುಡುಗಿ, ಮೇಡಂ ಮೇಲಿನ ಮರ್ಯಾದೆಗಾಗಿ ಅದನ್ನು ಒರೆಸಿ ಹಾಕಿದ್ದಳು. ಆಕೆ ತನ್ನ ಪೆನ್ನು ತೆಗೆದು ಮೆಹನಾಜಳ ಕೈಯಲ್ಲಿಟ್ಟಳು.

“ನಂದು ಹೊಡದ್ ಹಾಕು.”

“ನಿಮ್ದಾ? ಹ್ಯಾಂಗ್ರಿ?”

“ಹೊಡದ್ ಹಾಕವ್ವ. ಬಾಣ ಸರಿಯಿಲ್ಲಂದ್ರ ಯಾರ್ ಬರದದ್ದಾದ್ರೇನು?”

ಮೆಹನಾಜ ಅಜ್ಜಿಯ ಮುಖ ನೋಡಿದಳು. ಮೆಣಸಿನಕಾಯಿ ತೂಗುತ್ತಿದ್ದ ಮಸ್ತಾನಬಿ ತಕ್ಕಡಿ ಹಿಡಿದುಕೊಂಡೇ ತಲೆಯಾಡಿಸಿದಳು. ಹುಡುಗಿ ಅಡ್ಡಗೆರೆ ಎಳೆದು, ತನ್ನ ಉತ್ತರವನ್ನು ಪೆನ್ನಿನಲ್ಲಿ ಮತ್ತೆ ಬರೆದಳು.

ಪರೀಕ್ಷೆಯಲ್ಲಿ ಆ ಲೆಕ್ಕ ಬರಲಿಲ್ಲ. ಚೌಕದ ಮೂರು ಮೂಲೆಗೆ ಸಮನಾದ ಆವೇಶಗಳನ್ನಿಟ್ಟು ನಾಲ್ಕನೆಯ ಮೂಲೆಯ ಕ್ಷೇತ್ರ ಕೇಳಿದ್ದರು. ಸುರಪುರದ ಪರೀಕ್ಷಾ ಕೇಂದ್ರದ ಹೊರಗೆ ಬೇರೆ ಕಾಲೇಜಿನ ಐವರು ಹುಡುಗಿಯರು ಮೆಹನಾಜಳ ಜೊತೆ ಉತ್ತರ ಹೋಲಿಸಿದರು. ಐವರದೂ ಒಂದೇ ಉತ್ತರ, ಮೆಹನಾಜಳದೊಂದೇ ಬೇರೆ. ಅವರು ಮೂರು ಕ್ಷೇತ್ರಗಳನ್ನೂ ನೇರ ಕೂಡಿದ್ದರು. ಆ ಸಂಜೆ ಮೆಹನಾಜ ಅಜ್ಜಿಯ ಫೋನಿನಿಂದ ಮಾತಾಡಿದಳು. “ಐದೂ ಮಂದಿ ನಕ್ರು ಮೇಡಂರಿ. ನಾ ಪ್ರಶ್ನಿ ಪತ್ರಿಕಿ ಹಿಂದ ಮೂರೂ ಬಾಣ ಬಿಡಿಸಿ ತೋರ್ಸಿದೆ. ಆಮ್ಯಾಲ ಯಾರೂ ನಗಲಿಲ್ರಿ.”

ಫಲಿತಾಂಶದಲ್ಲಿ ಭೌತಶಾಸ್ತ್ರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಂಕ ತೆಗೆದವಳು ತರಗತಿಗೆ ಮೆಹನಾಜಳೊಬ್ಬಳೇ. ಈಗ ಯಾದಗಿರಿಯಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಕಾಂತೇಶನೂ ಪಾಸಾದ, ಅಂಚಿನಲ್ಲಿ.

ಈ ವರ್ಷವೂ ಆದೇಶ ಬರುವ ಮೊದಲೇ ಪಂಚಶೀಲಾ ಹೊಸ ತರಗತಿಗೆ ಮೊದಲ ದಿನವೇ ಹೇಳಿದಳು: ನನ್ನ ಹಾಳೆಯಲ್ಲಿ ತಪ್ಪು ಕಂಡವರು ಎದ್ದು ನಿಂತು ಹೇಳಬೇಕು. ಎರಡು ತಿಂಗಳು ಯಾರೂ ಏಳಲಿಲ್ಲ. ಆಗಸ್ಟಿನಲ್ಲಿ ಕವಿತಾ ಎಂಬ ಹುಡುಗಿ ಹಿಂದಿನ ಬೆಂಚಿನಿಂದ ಎದ್ದು, “ಇದು ತಪ್ಪ ಅದರಿ,” ಎಂದಳು. ಬೋರ್ಡಿನ ಮೇಲೆ ಇಬ್ಬರೂ ಸೇರಿ ಬಿಡಿಸಿ ನೋಡಿದಾಗ ಮೇಡಂ ಬರೆದದ್ದೇ ಸರಿಯಿತ್ತು. ಕವಿತಾ ಋಣದ ಬಾಣವನ್ನು ತಿರುಗುಮುರುಗಾಗಿ ಎಳೆದಿದ್ದಳು. ಹುಡುಗಿ ನಾಚಿ ಕೂರಲು ಹೋದಳು.

“ನಿಂದ್ರು,” ಎಂದಳು ಪಂಚಶೀಲಾ, ತರಗತಿಯ ಕಡೆ ತಿರುಗಿ. “ಎಲ್ಲಾರೂ ಚಪ್ಪಾಳಿ ಹೊಡೀರಿ. ಎದ್ದು ಕೇಳ್ಯಾಳ.”