ರಿವರ್ಸ್ ಹೊಡೆಯದ ಅಂಬಾಸಿಡರ್

ಈಗಿನ ಕಾರುಗಳು ಹಿಂದಕ್ಕೆ ಹೋಗುವಾಗ ಒಂದು ಸದ್ದು ಮಾಡುತ್ತವಲ್ಲ, ಕೀಂ, ಕೀಂ, ಕೀಂ ಅಂತ, ತೊಟ್ಟಿಲಲ್ಲಿ ಮಗು ಹಸಿದು ಅಳುವ ಹಾಗೆ, ನೀವೂ ಕೇಳಿರುತ್ತೀರಿ. ಮೊನ್ನೆ ಚನ್ನಗಿರಿಯಲ್ಲಿ ಮಗಳನ್ನು ಅವಳ ಗಂಡನ ಮನೆಗೆ ಬಿಟ್ಟು, ಬೀಗರು ಬಡಿಸಿದ ಹೋಳಿಗೆಯನ್ನು ಹೇಗೋ ತಿಂದು ಮುಗಿಸಿ, ಕಣ್ಣು ಮೂಗು ಒರೆಸಿಕೊಂಡು ಕಾರು ಹತ್ತಿ ಕೂತಿದ್ದೆ. ಓಣಿಯ ಮುಂದಿನ ತುದಿಯಲ್ಲಿ ಅಡಿಕೆ ಚೀಲ ತುಂಬಿಕೊಳ್ಳುತ್ತಿದ್ದ ಲಾರಿ ಅಡ್ಡ ನಿಂತಿತ್ತು. ಸ್ಟೀರಿಂಗ್ ಹಿಡಿದಿದ್ದ ನಮ್ಮನೆಯವರು ಅದನ್ನೊಮ್ಮೆ ನೋಡಿ ಗೇರು ರಿವರ್ಸಿಗೆ ಹಾಕಿದರು. ಕೀಂ ಅಂದಿದ್ದೇ ತಡ, ನಾನು ಅವರ ತೋಳು ಹಿಡಿದೆ.

"ನಿಲ್ಸ್ರೀ" ಅಂದುಬಿಟ್ಟೆ.

ಅವರು ಬ್ರೇಕು ತುಳಿದರು. ಬಾಗಿಲಲ್ಲಿ ನಿಂತಿದ್ದ ಮಗಳು, ಅವಳ ಹಿಂದಿದ್ದ ಬೀಗರು, ಎದುರುಮನೆಯ ಕಟ್ಟೆಯಲ್ಲಿ ಕೂತಿದ್ದವರು, ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದಾರೆ. ನಮ್ಮನೆಯವರು ಮೆಲ್ಲಗೆ ಕೇಳಿದರು, "ಯಾಕೆ, ನಿಮ್ಮ ದೊಡ್ಡಪ್ಪ ಬಂದ್ರಾ?"

ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಬಂದವನು ದೊಡ್ಡಪ್ಪನೇ, ಅದೂ ತನ್ನ ಅಂಬಾಸಿಡರ್ ಸಮೇತ ಬಂದಿದ್ದ. ನಮ್ಮನೆಯವರು ಹಂಗೇ ಬ್ರೇಕು ತುಳಿದುಕೊಂಡಿರಲಿ, ಅಷ್ಟರಲ್ಲಿ ನಿಮಗೆ ಆ ಕಾರಿನ ಸಂಗತಿ ಹೇಳಿಬಿಡುತ್ತೇನೆ.

ನನ್ನ ತವರು ನ್ಯಾಮತಿ. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಕಾರು, ನಮ್ಮ ದೊಡ್ಡಪ್ಪನ ಅಂಬಾಸಿಡರ್. ಹಾಲಿಗೆ ಒಂದು ಚೂರು ಅರಿಶಿನ ಬಿದ್ದರೆ ಬರುತ್ತದಲ್ಲ, ಆ ಬಣ್ಣ. ಒಳಗೆ ಕೂತರೆ ಬಿಸಿಲಿಗೆ ಕಾದ ರೆಕ್ಸಿನ್, ಪೆಟ್ರೋಲು, ಊದಿನಕಡ್ಡಿ, ಜೊತೆಗೆ ಯಾರೋ ಯಾವಾಗಲೋ ವಾಂತಿ ಮಾಡಿಕೊಂಡದ್ದರ ಸಣ್ಣ ನೆನಪು, ಎಲ್ಲ ಸೇರಿದ ಒಂದು ವಾಸನೆ. ಮುಂದಿನ ಸೀಟು ಈಗಿನ ಹಾಗೆ ನಿನಗೊಂದು ನನಗೊಂದು ಅಂತ ಕತ್ತರಿಸಿದ್ದಲ್ಲ, ಈ ಬಾಗಿಲಿಂದ ಆ ಬಾಗಿಲ ತನಕ ಒಂದೇ ಹಾಸು. ಗೇರು ಸ್ಟೀರಿಂಗಿನ ಕುತ್ತಿಗೆಯಲ್ಲೇ ಇರುತ್ತಿದ್ದರಿಂದ ನಡುವೆ ಒಬ್ಬರು ಆರಾಮಾಗಿ ಕೂರಬಹುದಿತ್ತು, ಅವರ ತೊಡೆಯ ಮೇಲೆ ಇನ್ನೊಬ್ಬರು. ಕಾರು ತುಂಬಿತು ಅನ್ನೋ ಮಾತನ್ನು ನಾನು ದೊಡ್ಡಪ್ಪನ ಬಾಯಲ್ಲಿ ಕೇಳಿದ್ದೇ ಇಲ್ಲ. "ಒಂಚೂರು ಸರ್ಕೊಳ್ರಿ, ಜಾಗ ಐತೆ" ಅನ್ನುತ್ತಿದ್ದ. ನಿಜಕ್ಕೂ ಜಾಗ ಆಗುತ್ತಿತ್ತು. ಬಾಗಿಲು ಮಾತ್ರ ಒಳಗಿನಿಂದ ಹಾಕಿದರೆ ಕೂರುತ್ತಿರಲಿಲ್ಲ. ಎಲ್ಲರೂ ಹತ್ತಿದ ಮೇಲೆ ದೊಡ್ಡಪ್ಪ ಇಳಿದು ಬಂದು, ಕಾರನ್ನು ಒಂದು ಸುತ್ತು ಹಾಕಿ, ಪ್ರತಿ ಬಾಗಿಲಿಗೂ ಸೊಂಟ ಕೊಟ್ಟು ಮುಚ್ಚುತ್ತಿದ್ದ. ಈಗಿನ ಕಾರಿನ ಬಾಗಿಲನ್ನು ನಾನು ಹಂಗೆ ಹಾಕಲು ಹೋಗಿ ಮನೆಯವರಿಂದ ಬೈಸಿಕೊಂಡಿದ್ದೇನೆ.

ಓಣಿಯ ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಗಂಡನ ಮನೆಗೆ ಹೋಗುತ್ತಿದ್ದದ್ದು ಆ ಕಾರಿನಲ್ಲೇ. ಯಾರ ಮನೆಯದೇ ಮದುವೆ ಇರಲಿ, ಹೆಣ್ಣು ಕಳಿಸೋ ದಿನ ದೊಡ್ಡಪ್ಪ ಬೆಳಿಗ್ಗೆಯೇ ಕಾರು ತೊಳೆದು, ಬಾನೆಟ್ಟಿಗೆ ವಿಭೂತಿ ಎಳೆದು, ಸೇವಂತಿಗೆ ಸರ ಕಟ್ಟಿ, ಬಿಳಿ ಪಂಚೆ ಉಟ್ಟು ನಿಂತುಬಿಡುತ್ತಿದ್ದ. ಅವನದು ಒಂದೇ ಒಂದು ಕಟ್ಟುಪಾಡು. ಹೆಣ್ಣು ಇಳಿಸಿದ ಬಾಗಿಲಿಂದ ಕಾರು ಹಿಂದಕ್ಕೆ ಹೋಗಕೂಡದು. ಮುಂದಕ್ಕೇ ಹೋಗಬೇಕು. ಅದಕ್ಕಾಗಿ ಊರು ಸುತ್ತುವುದಾದರೂ ಸರಿ, ಕೆರೆ ಏರಿ ಹತ್ತಿ ಇಳಿಯುವುದಾದರೂ ಸರಿ. ಹೆಣ್ಣು ಕಳಿಸಿದ ಗಾಡಿ ಹಿಂದಕ್ಕೆ ಸರಿದರೆ ಹೆಣ್ಣೂ ಹಿಂದಕ್ಕೆ ಬರುತ್ತಾಳೆ ಅನ್ನೋದು ಅವನ ನಂಬಿಕೆ.

ಈ ನಂಬಿಕೆ ಎಲ್ಲಿಂದ ಬಂತು ಅಂದರೆ, ಆ ಕಾರಿನಲ್ಲಿ ಅವನು ಮೊದಲು ಕಳಿಸಿದ್ದು ತನ್ನ ಸ್ವಂತ ತಂಗಿಯನ್ನು, ನಮ್ಮ ಗಿರಿಜತ್ತೆಯನ್ನು, ಸಾಸ್ವೆಹಳ್ಳಿಗೆ. ಅವತ್ತು ಅವಳ ಗಂಡನ ಮನೆ ಬಾಗಿಲಲ್ಲಿ ಏನೂ ಯೋಚಿಸದೆ ರಿವರ್ಸ್ ಹೊಡೆದಿದ್ದ. ವರ್ಷ ತುಂಬುವುದರೊಳಗೆ ಗಿರಿಜತ್ತೆ ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದಳು. ಅಲ್ಲಿ ಅವಳಿಗೆ ಹೊಟ್ಟೆಗೂ ಸರಿಯಾಗಿ ಇಕ್ಕುತ್ತಿರಲಿಲ್ಲ, ಗಂಡ ಕೈ ಎತ್ತುತ್ತಿದ್ದ, ಇದೆಲ್ಲ ಎಲ್ಲರಿಗೂ ಗೊತ್ತಿತ್ತು. ಆದರೂ ಓಣಿಯಲ್ಲಿ ಯಾರೋ, "ಕಾರು ಹಿಂದಕ್ಕೆ ಬಂದಾಗಲೇ ಅಂದ್ಕೊಂಡೆ" ಅಂದರಂತೆ. ಆ ಮಾತು ದೊಡ್ಡಪ್ಪನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಗಿರಿಜತ್ತೆ ಮಾತ್ರ ನಮ್ಮ ಪಡಸಾಲೆಯಲ್ಲಿ ಹೊಲಿಗೆ ಮಷೀನು ತುಳಿಯುತ್ತಾ, "ಅಣ್ಣ ಅವತ್ತು ರಿವರ್ಸ್ ಹೊಡ್ದಿದ್ದೇ ಚಲೋ ಆತು ಬಿಡ್ರಿ" ಅಂತ ನಗುತ್ತಿದ್ದಳು. ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದ.

ನನ್ನನ್ನು ಕೊಟ್ಟಿದ್ದು ಜಗಳೂರಿಗೆ. ನ್ಯಾಮತಿಯಿಂದ ಹೊರಟ ಅಂಬಾಸಿಡರ್ ಹೊನ್ನಾಳಿಯಲ್ಲಿ ಒಂದು ಸಲ ನೀರು ಕುಡಿಯಿತು, ದಾವಣಗೆರೆ ದಾಟಿ ಇನ್ನೊಂದು ಸಲ ಕುಡಿಯಿತು. ಹೊಳೆ ನೋಡಿ ಬೆಳೆದವಳು ನಾನು. ದಾರಿ ಹೋದಹೋದಂತೆ ಹಸಿರು ಕಮ್ಮಿಯಾಗಿ, ಬರೀ ಮೆಕ್ಕೆಜೋಳದ ಕೂಳೆ, ಕುರಿ, ಕೆಂಪು ಧೂಳು. ಉಡಿಯಲ್ಲಿ ತುಂಬಿದ್ದ ಅಕ್ಕಿ ಬೊಗಸೆ ಬೊಗಸೆ ಹಿಡಿದುಕೊಂಡು ಅಳುತ್ತಿದ್ದೆ. ದೊಡ್ಡಪ್ಪ ಕನ್ನಡಿಯಲ್ಲಿ ನೋಡಿ, "ಅಳಬೇಡವ್ವ, ನಿನ್ನ ಗಾಡಿ ಮುಂದಕ್ಕೇ ಹೋಗ್ತೈತೆ" ಅಂದ. ಅವನು ಸಮಾಧಾನ ಹೇಳಿದ್ದು, ನನಗೆ ಇನ್ನಷ್ಟು ಅಳು ಬಂತು. ಯಾಕೆಂದರೆ ಚಿಕ್ಕಂದಿನಿಂದ ಕೇಳಿ ಕೇಳಿ ನಾನೂ ಅದನ್ನು ನಂಬಿದ್ದೆ. ಕಾರು ಹಿಂದಕ್ಕೆ ಬಂದರೆ ನನ್ನ ಬಾಳು ಕೆಟ್ಟಿತು ಅಂತಲೇ ತಿಳಿದಿದ್ದೆ.

ಗಂಡನ ಮನೆ ಇದ್ದದ್ದು ಓಣಿಯ ಕಟ್ಟಕಡೆಗೆ. ಅದರಾಚೆ ಕುರಿ ಕೂಡುವ ದೊಡ್ಡಿಯ ಕಲ್ಲಿನ ಗೋಡೆ. ಮುಂದೆ ದಾರಿಯೇ ಇಲ್ಲ. ಮದುವೆ ನ್ಯಾಮತಿಯಲ್ಲೇ ಆಗಿದ್ದರಿಂದ, ಮನೆ ನೋಡಲು ಬಂದಿದ್ದವರೆಲ್ಲ ಬಸ್ಸಿಳಿದು ನಡೆದು ಬಂದಿದ್ದರಿಂದ, ಕಾರು ಹೆಂಗೆ ತಿರುಗೀತು ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ನಾನು ಸೇರಕ್ಕಿ ಒದ್ದು ಒಳಗೆ ಹೋದೆ, ದೀಪಕ್ಕೆ ಕೈ ಮುಗಿದೆ, ಹೆಂಗಸರ ನಡುವೆ ತಲೆ ಬಗ್ಗಿಸಿ ಕೂತೆ. ಹೊರಗೆ ಕಾರು ಹೊರಟ ಸದ್ದು ಕೇಳಲಿಲ್ಲ.

ಮೊದಲು ಯಾರೋ, "ಕಾರು ಕೆಟ್ಟೈತಂತೆ" ಅಂದರು. ಆಮೇಲೆ, "ಕೆಟ್ಟಿಲ್ಲ, ಆ ಯಜಮಾನ್ರು ಹಿಂದಕ್ಕೆ ಹೊಡಿಯಂಗಿಲ್ಲ ಅಂತಾರಂತೆ" ಅಂದರು. ಕಿಟಕಿಯಿಂದ ಕದ್ದು ನೋಡಿದೆ. ದೊಡ್ಡಪ್ಪ ಗೋಡೆಗೆ ಮೂತಿ ತಾಗಿಸಿ ನಿಂತ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಕೂತೇ ಇದ್ದಾನೆ. ಮೇಯಲು ಹೋಗಿದ್ದ ಕುರಿಗಳು ಹೊತ್ತಿಗೆ ಸರಿಯಾಗಿ ವಾಪಸು ಬಂದು, ದೊಡ್ಡಿಗೆ ಹೋಗಲು ದಾರಿಯಿಲ್ಲದೆ ಕಾರಿನ ಸುತ್ತ ನುಗ್ಗಿ ನಿಂತಿವೆ. ಒಂದು ಟಗರು ಮುಂಗಾಲನ್ನು ಬಂಪರಿನ ಮೇಲಿಟ್ಟು ಬಾನೆಟ್ಟಿನ ಸೇವಂತಿಗೆ ಸರ ತಿನ್ನುತ್ತಿದೆ. ಯಾರೋ ಕಾರನ್ನು ತಳ್ಳೋಣ ಅಂದರು. "ತಳ್ಳಿದ್ರೂ ಹಿಂದಕ್ಕೇ ಹೋಗೋದಲ್ಲೇನ್ರಿ" ಅಂದ ದೊಡ್ಡಪ್ಪ. ಮದುಮಗ, ಅಂದರೆ ಈಗ ಬ್ರೇಕು ತುಳಿದುಕೊಂಡು ಕೂತಿದ್ದಾರಲ್ಲ ಅವರೇ, ಬಾಸಿಂಗದ ಗುರುತು ಇನ್ನೂ ಮಾಸದ ಹಣೆ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಕೊನೆಗೆ ದೊಡ್ಡಪ್ಪ, "ಈ ಗೋಡೆ ಒಡೀರಿ, ನಾನೇ ಕಟ್ಟಿಸಿ ಕೊಡ್ತೀನಿ" ಅಂದಾಗ ಒಳಗಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಮ್ಮವರಿಗೆ ತಲೆ ಸರಿಯಿಲ್ಲ ಅಂತ ಇವರೆಲ್ಲ ತಿಳಿದರು ಅನ್ನೋ ನಾಚಿಕೆ ಒಂದು ಕಡೆ. ದೊಡ್ಡಪ್ಪ ಸೋತು ಹಿಂದಕ್ಕೆ ಹೊಡೆದುಬಿಟ್ಟರೆ ಗತಿಯೇನು ಅನ್ನೋ ಭಯ ಇನ್ನೊಂದು ಕಡೆ.

ಆಗ ನಮ್ಮತ್ತೆಯವರು, ಅಂದರೆ ನಮ್ಮನೆಯವರ ತಾಯಿ, ಎದ್ದರು. ಮಾತು ಕಮ್ಮಿ, ಎತ್ತರದ ಆಳು, ಶೇಂಗಾ ಸುಲಿದೂ ಸುಲಿದೂ ಹೆಬ್ಬೆರಳಿನ ಉಗುರು ದಪ್ಪಗಾಗಿತ್ತು. ಅಂಗಳಕ್ಕೆ ಹೋಗಿ ದೊಡ್ಡಪ್ಪನನ್ನು ಕೇಳಿದರು.

"ಯಾಕ್ರೀ ಬೀಗ್ರೆ, ಏನು ತೊಂದ್ರೆ?"

ದೊಡ್ಡಪ್ಪ ಎಲ್ಲ ಹೇಳಿದ. ಗಿರಿಜತ್ತೆಯ ಸಂಗತಿಯನ್ನೂ ಹೇಳಿದ. ಹೊಸ ಬೀಗರ ಮುಂದೆ, ಓಣಿಯ ಜನದ ಮುಂದೆ, ಮನೆಯ ಆ ನೋವನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ನಗುತ್ತಿದ್ದ ಹೆಂಗಸರು ಬಾಯಿಗೆ ಒತ್ತಿದ್ದ ಸೆರಗು ಕೆಳಗಿಳಿಸಿದರು.

ಅತ್ತೆಯವರು ಒಳಗೆ ಬಂದು ನನ್ನ ಕೈ ಹಿಡಿದು ಎಬ್ಬಿಸಿದರು. ಕರೆದುಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ವಾಪಸು ಕಳಿಸುತ್ತಿದ್ದಾರೆ ಅಂತಲೇ ತಿಳಿದೆ. ಆದರೆ ಅವರೂ ಹತ್ತಿ, ಕಾಲು ಸೀಟಿನ ಮೇಲೆ ಮಡಚಿಕೊಂಡು ನನ್ನ ಪಕ್ಕ ಕೂತರು.

"ಹೂಂ, ಈಗ ಹೊಡೀರಿ ಬೀಗ್ರೆ ಹಿಂದಕ್ಕೆ. ಹೆಣ್ಣು ಬಿಟ್ಟು ಗಾಡಿ ಹಿಂದಕ್ಕೆ ಹೋಗ್ಬಾರದು, ಅಷ್ಟೇ ತಾನೆ? ಹೆಣ್ಣು ಗಾಡ್ಯಾಗೇ ಐತೆ. ನಾನೂ ಅದೀನಿ. ರಸ್ತೆಗೆ ಹೋಗಿ ನಮ್ಮನ್ನ ಇಳಿಸ್ರಿ, ನಾವು ನಡ್ಕೊಂಡು ಬರ್ತೀವಿ, ನೀವು ಮುಂದಕ್ಕೆ ಹೋಗ್ರಿ."

ದೊಡ್ಡಪ್ಪ ಬಹಳ ಹೊತ್ತು ಯೋಚಿಸಿದ. ಅದರಲ್ಲಿ ಯಾವ ಕೊರತೆಯೂ ಅವನಿಗೆ ಕಾಣಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಗೇರಿನ ಹಿಡಿಕೆ ಎಳೆದ. ಅದು ಗರಗರ ಅಂತ ಗೊಣಗಿ, ಎರಡು ಸಲ ಜಾರಿ, ಆಮೇಲೆ ಒಲ್ಲದ ಮನಸ್ಸಿನಿಂದ ಬಿತ್ತು. ಕುರಿಗಳು ದಾರಿ ಬಿಟ್ಟವು. ದೊಡ್ಡಪ್ಪ ಕುತ್ತಿಗೆ ಹೊರಳಿಸಿ ನಮ್ಮಿಬ್ಬರ ತಲೆಗಳ ನಡುವಿನಿಂದ ಹಿಂದಿನ ಗಾಜು ನೋಡುತ್ತಾ ಓಣಿ ತುಂಬ ಹಿಂದೆ ಹಿಂದೆ ಹೋದ. ಅತ್ತೆಯವರು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರು ಕಾರು ಹತ್ತಿದ್ದು ಅದೇ ಮೊದಲು ಅಂತ ನನಗೆ ಆಮೇಲೆ ತಿಳಿಯಿತು.

ರಸ್ತೆಯಲ್ಲಿ ನಮ್ಮನ್ನು ಇಳಿಸಿ ದೊಡ್ಡಪ್ಪ ಮುಂದಕ್ಕೆ ಹೋದ, ತಿರುಗಿ ನೋಡದೆ. ಕೆಂಪು ಧೂಳು ಇಳಿಯುವ ತನಕ ನಾವು ಅಲ್ಲೇ ನಿಂತಿದ್ದೆವು. ಆಮೇಲೆ ಅತ್ತೆಯವರು ನನ್ನ ಕೈ ಹಿಡಿದುಕೊಂಡು ಮನೆ ಕಡೆ ನಡೆದರು. ಅರ್ಧ ಓಣಿಯಲ್ಲಿ ನಿಂತು ಹೇಳಿದರು.

"ನೋಡವ್ವ, ಆ ಯಪ್ಪ ನೊಂದಾನೆ, ಅದಕ್ಕೆ ಅವನ ಮುಂದೆ ಅನ್ನಲಿಲ್ಲ. ಗಾಡಿಗೆ ಹಿಂದಿನ ಗೇರು ಇರಾಕೇ ಬೇಕು. ಅವನ ತಂಗಿಗೂ ಅದು ಇತ್ತು, ಅದಕ್ಕೇ ಜೀವ ಉಳೀತು. ಇಲ್ಲಿ ನಿನಗೆ ಒಗ್ಗಲಿಲ್ಲ ಅಂದ್ರೆ ಬಾಯಿ ಬಿಟ್ಟು ಹೇಳು, ನಾನೇ ಬಸ್ಸು ಹತ್ತಿಸ್ತೀನಿ. ಈಗ ಕಣ್ಣೊರ್ಸ್ಕ, ಅನ್ನ ಆರ್ತೈತೆ."

ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ನಾನು ಬಿಟ್ಟದ್ದು ಅಲ್ಲಿ, ಆ ಓಣಿಯ ನಡುವೆ, ಕುರಿ ಹಿಕ್ಕೆ ತುಳಿದುಕೊಂಡು. ಹಗುರಾಗುವುದು ಅಂದರೆ ಏನು ಅಂತ ಅವತ್ತು ತಿಳಿಯಿತು. ಹೋಗಬಹುದು ಅಂತ ಗೊತ್ತಾದ ಮೇಲೆ ಇರುವುದು ಕಷ್ಟವಾಗಲಿಲ್ಲ. ಅತ್ತೆಯವರು ನನ್ನನ್ನು ಎಷ್ಟೋ ಸಲ ಬಸ್ಸು ಹತ್ತಿಸಿದರು, ಪ್ರತಿ ಸಲವೂ ಮುಗಿಯದಷ್ಟು ಶೇಂಗಾ ಕಟ್ಟಿ ಕೊಟ್ಟು. ನಾನು ಪ್ರತಿ ಸಲವೂ ಖುಷಿಯಿಂದ ವಾಪಸು ಬಂದೆ.

ದೊಡ್ಡಪ್ಪನೂ ಒಂದು ಉಪಾಯ ಕಂಡುಕೊಂಡ. ನನ್ನನ್ನು ನೋಡಲು ಜಗಳೂರಿಗೆ ಬಂದಾಗಲೆಲ್ಲ ರಸ್ತೆಯಲ್ಲೇ ಕಾರು ತಿರುಗಿಸಿಕೊಂಡು, ಓಣಿಯುದ್ದಕ್ಕೂ ರಿವರ್ಸಿನಲ್ಲಿ ಬರುತ್ತಿದ್ದ. ಹೋಗುವಾಗ ಮುಂದಕ್ಕೆ ಹೋಗಬಹುದಲ್ಲ, ಅದಕ್ಕೆ. ಅಂಬಾಸಿಡರಿನ ಗುಂಡನೆಯ ಡಿಕ್ಕಿ ಓಣಿಯ ತುದಿಯಲ್ಲಿ ಕಂಡರೆ ಸಾಕು, ಅತ್ತೆಯವರು ಒಲೆಯ ಮೇಲೆ ಚಹಾಕ್ಕೆ ಇಡುತ್ತಿದ್ದರು. "ನಿಮ್ಮ ದೊಡ್ಡಪ್ಪ ಬೆನ್ನು ತೋರ್ಸ್ಕೊಂಡು ಬಂದ ನೋಡು" ಅನ್ನುತ್ತಿದ್ದರು.

ಕೊನೆಕೊನೆಗೆ ಆ ಕಾರಿನ ಸಾಮಾನು ಎಲ್ಲೂ ಸಿಗದಾಯಿತು. ತಳ ತುಕ್ಕು ಹಿಡಿದು, ಕಾಲಿಟ್ಟಲ್ಲಿ ರಸ್ತೆ ಕಾಣತೊಡಗಿತು. ಗುಜರಿಯವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ ದಿನ ನಾನು ನ್ಯಾಮತಿಯಲ್ಲೇ ಇದ್ದೆ. ಹಗ್ಗವನ್ನು ಮುಂದಿನ ಬಂಪರಿಗೇ ಕಟ್ಟಬೇಕು ಅಂತ ದೊಡ್ಡಪ್ಪ ಹಟ ಹಿಡಿದು, ಕಟ್ಟಿಸಿ, ಅದು ತಿರುವು ದಾಟುವ ತನಕ ನಿಂತಿದ್ದ. ಗಿರಿಜತ್ತೆ ಮಷೀನು ನಿಲ್ಲಿಸಿ ಬಂದು ಅವನ ಪಕ್ಕ ನಿಂತಿದ್ದಳು. ಮನುಷ್ಯರಿಗೆ ಅತ್ತ ಹಾಗೆ ನಾವು ಆ ಕಾರಿಗೆ ಅತ್ತೆವು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಸರಿ, ಪಾಪ, ನಮ್ಮನೆಯವರ ಕಾಲು ನೋಯುತ್ತಿರಬಹುದು. ಚನ್ನಗಿರಿಗೆ ವಾಪಸು ಬರೋಣ.

ಮಗಳು ಅಂಗಳ ದಾಟಿ ಕಾರಿನ ಹತ್ತಿರ ಬಂದಳು. ಕಣ್ಣು ಕೆಂಪಗಾಗಿತ್ತು. ಗಾಜು ಇಳಿಸಿದೆ.

"ಯಾಕಮ್ಮ, ಏನಾದ್ರೂ ಮರ್ತಿಯಾ?" ಅಂದಳು.

"ಏನಿಲ್ಲವ್ವ. ರಿವರ್ಸ್ ಗೇರು ಸರಿ ಐತಾ ಅಂತ ನೋಡ್ದೆ."

"ಹೊಸಾ ಕಾರು, ಸರಿ ಇಲ್ದೆ ಏನು?"

"ಸರಿ ಐತೆ. ಅದನ್ನೇ ನಿನಗೆ ಹೇಳ್ತಿರೋದು. ಇಲ್ಲಿ ಒಗ್ಗಲಿಲ್ಲ ಅಂದ್ರೆ ಒಂದು ಫೋನ್ ಮಾಡು, ಯಾಕೆ ಅಂತ ಕೇಳಲ್ಲ. ನಿಮ್ಮಜ್ಜಿ ನನಗೆ ಹಂಗೇ ಹೇಳಿದ್ರು. ನಾನು ಇಷ್ಟು ವರ್ಷ ಅಲ್ಲೇ ಅದೀನಿ."

ಅವಳು ನನ್ನನ್ನೇ ನೋಡಿದಳು. ಬೆಳಿಗ್ಗೆಯಿಂದ ಮೇಲೆತ್ತಿಕೊಂಡಿದ್ದ ಅವಳ ಭುಜಗಳು ಕೆಳಗಿಳಿದವು. ಜಗಳೂರಿನ ಓಣಿಯಿಂದ ಆ ಭುಜಗಳ ಗುರುತು ನನಗಿದೆ.

"ಹೊಡೀರಿ" ಅಂದೆ ನಮ್ಮನೆಯವರಿಗೆ. ಕೀಂ, ಕೀಂ ಅಂತ ಕಾರು ಹಿಂದಕ್ಕೆ ಸರಿಯಿತು. ಅವರು ಸ್ಟೀರಿಂಗ್ ಪಕ್ಕದ ಸ್ಕ್ರೀನಿನಲ್ಲಿ ಹಿಂದಿನ ದಾರಿ ನೋಡುತ್ತಿದ್ದರು, ನಾನು ಮುಂದೆ ನೋಡುತ್ತಿದ್ದೆ. ಆಗ ಹೊಳೆಯಿತು. ಹಿಂದಕ್ಕೆ ಹೋಗುವ ಕಾರಿನಲ್ಲಿ ಕೂತವರ ಮುಖ ಮಗಳ ಕಡೆಗೇ ಇರುತ್ತದೆ. ಅಷ್ಟು ಹೆಣ್ಣುಮಕ್ಕಳನ್ನು ಕಳಿಸಿಯೂ ದೊಡ್ಡಪ್ಪನಿಗೆ ಇದೊಂದು ಸಿಗಲಿಲ್ಲ. ಪ್ರತಿ ಸಲವೂ ಅವನು ಬೆನ್ನು ತಿರುಗಿಸಿ ಹೋಗಬೇಕಾಯಿತು.

"ನಿಧಾನಕ್ಕೆ ಹೋಗ್ರಿ" ಅಂದೆ. ಓಣಿ ಮುಗಿಯುವ ತನಕ ಮಗಳು ಕೈ ಬೀಸುತ್ತಾ ನಿಂತಿದ್ದಳು, ಓಣಿ ಮುಗಿಯುವ ತನಕ ನನಗೆ ಅವಳ ಮುಖ ಕಾಣುತ್ತಿತ್ತು.