ಹಿತ್ತಲ ಬಾಗಿಲು ಬರೆದವರು

ನಮ್ಮ ಮನೆಯಲ್ಲಿ ಹೆಸರಿಗೆ ಎಂದೂ ಬರವಿರಲಿಲ್ಲ. ಮುಂಗಾರಿನ ಹೆಸರುಕಾಳು ಅಂಗಳದ ತುಂಬ ಒಣಗುತ್ತಿತ್ತು; ಅದರ ನಡುವೆ ಕಾಲೂರಲು ಜಾಗ ಹುಡುಕುತ್ತ ಸಾಲೆಗೆ ಹೊರಡುತ್ತಿದ್ದ ನನಗೆ ಮಾತ್ರ ಇನ್ನೊಂದು ಬಗೆಯ ಹೆಸರಿನ ಹಸಿವು. ಅರವತ್ತರ ದಶಕದ ಆರಂಭ. ಬಬಲೇಶ್ವರದಲ್ಲಿ ಕನ್ನಡ ಸಾಲೆಯ ಮಾಸ್ತರನಾಗಿದ್ದೆ. ‘ಹಿತ್ತಲ ಬಾಗಿಲು’ ಎಂಬ ನಾಟಕವೊಂದನ್ನು ಬರೆದಿದ್ದೆ. ಮುನಿಸಿಕೊಂಡು ಮನೆ ಬಿಟ್ಟ ತಮ್ಮನಿಗಾಗಿ ಅಕ್ಕನೊಬ್ಬಳು ದಿನವೂ ಹಿತ್ತಲ ಬಾಗಿಲ ಅಗಳಿ ತೆಗೆದಿಡುವ ಕಥೆ ಅದು. ಸಾಲೆಯ ಮಕ್ಕಳು ಒಮ್ಮೆ ಆಡಿದರು, ಊರು ಒಂದು ವಾರ ನೆನೆಯಿತು, ಆಮೇಲೆ ಮರೆಯಿತು.

ಮರುವರ್ಷ ವಿಜಾಪುರದ ಟಾಕೀಸಿಗೆ ಅದೇ ಹೆಸರಿನ ಸಿನಿಮಾ ಬಂತು. ಯಾರೋ ನನ್ನದನ್ನು ಕದ್ದರೆಂದೇ ಮೊದಲು ತಿಳಿದೆ. ಆಮೇಲೆ ಹಾಜರಿ ಪುಸ್ತಕ ತೆರೆದಾಗ ನಗು ಬಂತು. ನನ್ನ ತರಗತಿಯಲ್ಲೇ ನಾಲ್ವರು ಮಲ್ಲಪ್ಪರಿದ್ದರಲ್ಲ! ಒಬ್ಬ ತುಂಟ, ಒಬ್ಬ ಮೌನಿ, ಒಬ್ಬನಿಗೆ ಸದಾ ನೆಗಡಿ, ಇನ್ನೊಬ್ಬ ಸಾಲೆಗೇ ಬಾರದವನು. ಅವರ ತಾಯಂದಿರು ಪರಸ್ಪರ ಹೆಸರು ಕದ್ದವರೇನಲ್ಲ. ಈಗ ಟೀವಿಯಲ್ಲೂ ಒಂದೇ ಹೆಸರಿನ ಮೂರು ಮೂರು ಕಥೆಗಳು ಬಂದುಹೋಗುತ್ತವೆ. ನಿರ್ದೇಶಕರು ಬೇರೆ, ಬರೆದವರು ಬೇರೆ, ಕಣ್ಣೀರೂ ಬೇರೆ. ಆದರೆ ಪರದೆಯ ಮೇಲೆ ಅವರ ಹೆಸರು ಮೂಡಿ ಮರೆಯಾಗುವಾಗ ನಾವು ಇನ್ನೂ ಕುರ್ಚಿ ಹುಡುಕುತ್ತಿರುತ್ತೇವೆ. ನೀವೇ ಹೇಳಿ, ಒಂದು ಹೆಸರನ್ನಾದರೂ ಕೊನೆಯವರೆಗೆ ಓದಿದ್ದೀರಾ? ಯಾರೂ ಓದುವುದಿಲ್ಲವೆಂಬ ಧೈರ್ಯವೇ ಅಂದು ನನ್ನನ್ನು ಕೆಡಿಸಿತು.

ಆ ದಿನಗಳಲ್ಲೇ ನನಗೆ ಘೋಣಸಗಿಯಲ್ಲಿ ಹೆಣ್ಣು ನೋಡಿದರು. ನನ್ನ ಸೋದರಮಾವ ಬೀಗರಾಗುವವರ ಮುಂದೆ, “ನಮ್ಮ ಹುಡುಗ ಅಂದ್ರ ಏನ್ ತಿಳದೀರಿ? ‘ಹಿತ್ತಲ ಬಾಗಿಲು’ ಬರದಾನ!” ಎಂದುಬಿಟ್ಟ.

ಹುಡುಗಿಯ ತಂದೆ ಕಟ್ಟೆಯಿಂದ ಎದ್ದೇ ನಿಂತರು. “ಯಪ್ಪಾ! ವಿಜಾಪುರದಾಗ ನಡದೈತಲ್ಲ, ಅದನ್ನ?”

ಮಾವ ನನ್ನತ್ತ ನೋಡಿದ. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದು ತಿಳಿದರು. ಮಾವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ನನ್ನ ಮೌನದಲ್ಲಿ. ನಿಶ್ಚಯವಾಯಿತು.

ಮದುವೆಯ ಸೀರೆ ತರಲು ಎರಡೂ ಮನೆಯವರು ವಿಜಾಪುರಕ್ಕೆ ಹೋದಾಗ, ಬೀಗರು ಮಧ್ಯಾಹ್ನದ ಆಟಕ್ಕೆ ನಮ್ಮೆಲ್ಲರನ್ನೂ ಕರೆದೊಯ್ದರು. ಹೆಂಗಸರ ಕಡೆ ನನಗೆ ನಿಶ್ಚಯವಾದ ಹುಡುಗಿ ನೀಲವ್ವ ತನ್ನ ಚಿಕ್ಕಮ್ಮನ ಪಕ್ಕ ಕುಳಿತಿದ್ದಳು. ಏಳನೆಯ ಇಯತ್ತೆ ಓದಿದವಳು. ಬೆಳ್ಳಿಪರದೆಯ ಮೇಲೆ ಹೆಸರುಗಳು ಸರಿಯತೊಡಗಿದಾಗ ಅವಳ ತುಟಿಗಳು ಒಂದೊಂದನ್ನೂ ಓದುತ್ತಿದ್ದುದನ್ನು ಮಬ್ಬು ಬೆಳಕಿನಲ್ಲಿ ಕಂಡೆ. ಕಥೆಯೋ, ಹಿತ್ತಲಿನಿಂದ ನುಗ್ಗುವ ಕಳ್ಳರದ್ದು. ವಿರಾಮದಲ್ಲಿ ಬೀಗರು ಸೋಡಾ ಮಾರುವವನ ಭುಜ ತಟ್ಟಿ, “ಇವ್ರ ನೋಡಪಾ ಈ ಆಟ ಬರದವ್ರು!” ಎಂದರು. ನಾನು ಸೋಡಾ ಬಾಟಲಿಯನ್ನು ಹಾಗೇ ಹಿಂದಿರುಗಿಸಿದೆ.

ಆಟ ಮುಗಿದು ಬಸ್‌ ನಿಲ್ದಾಣದಲ್ಲಿ ನಿಂತಾಗ ನೀಲವ್ವ ಕೊಂಡ ಸೀರೆಗಳ ಗಂಟು ಸರಿಪಡಿಸುವ ನೆವದಲ್ಲಿ ನನ್ನ ಹತ್ತಿರ ಬಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. “ಬರದವರ ಹೆಸರು ಬ್ಯಾರೆ ಇತ್ತಲ್ರಿ.”

“ಹೌದು. ಅದು ನಂದಲ್ಲ.”

“ಅಪ್ಪಗ ನಾ ಹೇಳೂದಿಲ್ರಿ. ನೀವ ಹೇಳ್ರಿ.”

ಹೇಳಿದೆ. ಮದುವೆ ಮುರಿದರೆ ಮುರಿಯಲಿ ಎಂದು, ಬಸ್ಸಿಗೆ ಕಾದ ಜನರ ನಡುವೆಯೇ ಹೇಳಿದೆ. ಬೀಗರ ಮುಖ ಕಪ್ಪಿಟ್ಟಿತು. ರುಮಾಲಿನ ಅಂಚು ತಿರುವುತ್ತ, “ಅಂದ್ರ ನಿಮ್ಮ ‘ಹಿತ್ತಲ ಬಾಗಿಲು’ ಯಾವುದು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀಲವ್ವ, “ಮನಿಗೆ ಬಂದು ಓದ್ಲಿ ಬಿಡಪಾ. ಕೇಳಿ ಆಮ್ಯಾಲ ಹೇಳೂಣು,” ಎಂದಳು.

ಮುಂದಿನ ಭಾನುವಾರ ಘೋಣಸಗಿಯ ಪಡಸಾಲೆಯಲ್ಲಿ ಓದಿದೆ. ಬೀಗರು ಕಣ್ಣು ಮುಚ್ಚಿ ಕೇಳಿ, ಕೊನೆಗೆ, “ಆ ಕಳ್ಳರಿಗಿಂತ ಈ ತಮ್ಮ ಚಲೋ ಅದಾನ,” ಎಂದು ಮಾತ್ರ ಹೇಳಿ ಒಳಗೆ ಚಹಾಕ್ಕೆ ಕೂಗಿದರು. ಚಹಾ ತಂದ ನೀಲವ್ವ ಬಾಗಿಲಲ್ಲೇ ನಿಂತಳು. “ಅಕ್ಕ ಕಡೀಕ ಬಾಗಲಾ ತಗದಿಟ್ಟು ಮಲಗ್ತಾಳಲ್ರಿ, ಅದು ಖೊಟ್ಟಿ, ಸುಳ್ಳ. ಕಾಯಾಕತ್ತಾಕಿಗೆ ನಿದ್ದಿ ಹತ್ತೂದಿಲ್ಲ. ಆಕಿ ರೊಟ್ಟಿ ಬಡಿಯೂ ಸಪ್ಪಳಾ ಮಾಡಬೇಕ್ರಿ. ಅಂವ ಹೊರಗ ನಿಂತು ಕೇಳಬೇಕು.”

ನಾನು ಬೆರಗಾದೆ. ವರ್ಷವಿಡೀ ನನಗೆ ಹೊಳೆಯದ ಅಂತ್ಯವನ್ನು ಅವಳು ಚಹಾದ ಕಪ್ಪುಬಸಿಯ ಜೊತೆ ತಂದಿಟ್ಟಿದ್ದಳು.

ಮದುವೆಯಾದ ಮರುವರ್ಷ ತಿಕೋಟಾದಲ್ಲಿ ನಾಟಕವನ್ನು ಮತ್ತೆ ಆಡಿಸಿದೆವು. ಅಕ್ಕನ ರೊಟ್ಟಿ ಬಡಿಯುವ ಸಪ್ಪಳ ಪರದೆಯ ಹಿಂದಿನಿಂದ ಕೇಳತೊಡಗಿದಾಗ ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಆಟ ಮುಗಿದು ಜನ ಚಪ್ಪಾಳೆ ತಟ್ಟಿ ನನ್ನ ಹೆಸರು ಕೂಗಿದರು. ಹೆಸರಿಗಾಗಿ ಹಸಿದಿದ್ದ ನನಗೆ ಅದು ಅಮೃತವಾಗಬೇಕಿತ್ತು. ಆದರೆ ಬಸ್‌ ನಿಲ್ದಾಣದ ನಾಚಿಕೆಯೇ ಮತ್ತೆ ಬೆನ್ನ ಮೇಲೆ ಹರಿದಾಡಿತು. ಅಂದು ಇನ್ನೊಬ್ಬರ ಬರಹವನ್ನು ಮೌನದಿಂದ ನನ್ನದಾಗಿಸಿಕೊಂಡವನು, ಈಗಲೂ ಸುಮ್ಮನಿದ್ದರೆ? ಮುಂದೆ ಬಂದು ಗಂಟಲು ಸರಿಪಡಿಸಿಕೊಂಡು, ನನ್ನ ಸಾಹಿತ್ಯದ ಗತ್ತನ್ನೆಲ್ಲ ಕೂಡಿಸಿ, “ಈ ನಾಟಕದ ಅಂತ್ಯವನ್ನು ರಚಿಸಿದವರು ಶ್ರೀಮತಿ ನೀಲಾಂಬಿಕಾದೇವಿಯವರು!” ಎಂದೆ.

ಹೆಂಗಸರ ನಡುವಿನಿಂದ ನನ್ನ ಹೆಂಡತಿ ಎದ್ದು ನಿಂತು ಕೇಳಿದಳು: “ಆಕಿ ಯಾರ್ರಿ?”

ಸಭೆ ಘೊಳ್ಳೆಂದಿತು. ನಾನೂ ನಕ್ಕೆ. ನಗು ತಗ್ಗುವವರೆಗೆ ಕಾದು ಮತ್ತೊಮ್ಮೆ, ಈ ಸಲ ಮನೆಯಲ್ಲಿ ಕರೆಯುವ ಹಾಗೆಯೇ ಹೇಳಿದೆ: “ನೀಲವ್ವ. ಘೋಣಸಗಿ ನೀಲವ್ವ.”

ಅವಳು ಸೆರಗು ಸರಿಪಡಿಸಿಕೊಂಡು ಕುಳಿತಳು. ಚಪ್ಪಾಳೆ ಮೊದಲು ಹೆಂಗಸರ ಕಡೆಯಿಂದ ಬಂತು.