ಒಂದು ದನಿ ಹೆಚ್ಚು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ಆಕೆಯನ್ನು ಬೀದಿಯವರೆಲ್ಲ ಹಲೋ ಅಕ್ಕ ಎಂದೇ ಕರೆಯುತ್ತಿದ್ದರು. ಯಂತ್ರಗಳು ಬಂದು ಆ ಕೆಲಸವನ್ನೇ ನುಂಗಿಹಾಕುವ ತನಕ, ಬೋರ್ಡಿನ ಮುಂದೆ ಕೂತು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಜೋಡಿಸಿಕೊಡುವುದರಲ್ಲೇ ಆಕೆಯ ವಯಸ್ಸು ಕಳೆದಿತ್ತು. ಮುಖ ಗುರುತಿಸುವುದರಲ್ಲಿ ಆಕೆ ಶುದ್ಧ ದಡ್ಡಿ. ಎದುರುಮನೆಯವರು ಅಂಗಡಿಯಲ್ಲಿ ಸಿಕ್ಕು ನಕ್ಕರೆ ಮಿಕಿಮಿಕಿ ನೋಡುತ್ತ ನಿಲ್ಲುವಳು. ಅವರು ಬಾಯಿಬಿಟ್ಟು ಒಂದು ಮಾತಾಡಿದರೆ ಸಾಕು, "ಓ, ನೀವಾ! ನೆಗಡಿ ಇನ್ನೂ ಬಿಟ್ಟಿಲ್ವಲ್ಲ?" ಎಂದು ಅರಳುವಳು. ಒಮ್ಮೆ ಕಿವಿಗೆ ಬಿದ್ದ ದನಿ ಆಕೆಗೆ ಮರೆಯುತ್ತಿರಲಿಲ್ಲ.

ಮದುವೆಯಾಗಲಿಲ್ಲ. ಅಣ್ಣನೊಂದಿಗೆ ಬಾಡಿಗೆ ಮನೆಯಲ್ಲಿದ್ದಳು. ಅಣ್ಣ ಲಾರಿ ಡ್ರೈವರ್. ಎತ್ತರದ ಆಳು, ತಗ್ಗಿನ ದನಿ. ಇಬ್ಬರೂ ಚಿಕ್ಕಂದಿನಿಂದ ಹೋಗುತ್ತಿದ್ದ ದೊಡ್ಡ ಚರ್ಚಿನಲ್ಲಿ ಅವನು ಹಾಡುವವರ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಬೆನ್ನುಮೂಳೆಗೆ ಪೆಟ್ಟಾಗಿ ಹಾಸಿಗೆ ಹಿಡಿದ ಮೇಲೆ ಒಳಕೋಣೆಯಲ್ಲಿ ಮಲಗಿಕೊಂಡೇ ಹಾಡುಗಳನ್ನು ಗುನುಗುತ್ತಿದ್ದ. ಅಕ್ಕಿ ಆರಿಸುತ್ತಲೋ ಬಟ್ಟೆ ಮಡಚುತ್ತಲೋ ಆಕೆ ನಡುಮನೆಯಿಂದ ಮೇಲಿನ ಸ್ವರ ಸೇರಿಸುವಳು.

ಒಂದು ದಿನ ಚರ್ಚಿನ ಇಬ್ಬರು ಹಿರಿಯರು ಮನೆಗೆ ಬಂದರು. ಚಹಾ ಕುಡಿದರು. ಆಮೇಲೆ ಒಬ್ಬರು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳ್ಕೋಬೇಡಿ ಅಕ್ಕ. ವರ್ಷಗಟ್ಟಲೆ ಬರದೇ ಇರೋರನ್ನ ಸದಸ್ಯರು ಅಂತ ಇಟ್ಕೊಂಡ್ರೆ ಸಭೆ ಅನ್ನೋದು ಬರೀ ಹೆಸರಿಗಾಗತ್ತೆ. ಅದಕ್ಕೆ ಅಂಥವರ ಹೆಸರು ತೆಗೆಯೋ ತೀರ್ಮಾನ ಮಾಡಿದ್ದೀವಿ. ನಿಮ್ಮಣ್ಣನ ಮೇಲೆ ಬೇಜಾರೇನಿಲ್ಲ."

"ಅವನು ಮಲಗಿದ ಮೇಲೆ ನೀವು ಅವನನ್ನ ನೋಡೋಕೆ ಬಂದಿದ್ದು ಇದೇ ಮೊದಲಲ್ವಾ?" ಎಂದಳು ಅಕ್ಕ.

ಹಿರಿಯರು ಖಾಲಿ ಲೋಟದ ತಳ ನೋಡಿದರು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಅಣ್ಣ ಎಲ್ಲ ಕೇಳಿಸಿಕೊಂಡಿದ್ದ. ಅಂದಿನಿಂದ ಗುನುಗುವುದನ್ನು ನಿಲ್ಲಿಸಿಬಿಟ್ಟ. ಕೆಲವು ತಿಂಗಳಲ್ಲಿ ತೀರಿಕೊಂಡ. ಸದಸ್ಯನಲ್ಲದವನಿಗೆ ಎಷ್ಟು ಸಲ್ಲಬೇಕೋ ಅಷ್ಟೇ ಪ್ರಾರ್ಥನೆ ಹೇಳಿ ಮಣ್ಣು ಮಾಡಿದರು. ಹಾಡು ಇರಲಿಲ್ಲ. ಅಕ್ಕ ಮತ್ತೆ ಆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಅವಳನ್ನು ಹುಡುಕಿಕೊಂಡು ಬಂದವರು ಅದೇ ಚರ್ಚಿನ ಮೇಷ್ಟ್ರು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು. ಅದಕ್ಕೂ ಮುಂಚೆ ಪಾದ್ರಿಯಾಗಲು ಓದಲು ಹೋಗಿ ಅರ್ಧಕ್ಕೆ ಬಿಟ್ಟು ಬಂದಿದ್ದರು. "ನೀವು ಅಲ್ಲಿಗೆ ಬರಲ್ಲ ಅಂದ್ರೆ ಬೇಡ. ಇಲ್ಲೇ ನಾಲ್ಕು ಜನ ಕೂತು ಪ್ರಾರ್ಥನೆ ಮಾಡೋಣ," ಎಂದರು. ಹಾಗೆ ಭಾನುವಾರ ಬೆಳಿಗ್ಗೆ ಅಕ್ಕನ ನಡುಮನೆಯಲ್ಲಿ ಸಭೆ ಶುರುವಾಯಿತು. ಬೀದಿಯ ತುದಿಯ ಬಡಗಿ, ಅವನ ಹೆಂಡತಿ, ಆಸ್ಪತ್ರೆಯ ನರ್ಸಮ್ಮ, ಇನ್ನು ಕೆಲವರು. "ಅರ್ಧ ಪಾದ್ರಿ, ಕಾಲು ಸಭೆ," ಎಂದು ಬಡಗಿ ನಗಾಡಿದರೂ ಬೆಂಚು ಮಾಡಿಕೊಟ್ಟವನು ಅವನೇ.

ಸದಸ್ಯತ್ವದ ಮಾತು ತೆಗೆದವನೂ ಅವನೇ. "ಯಾರು ನಮ್ಮವರು, ಯಾರು ಅಲ್ಲ ಅಂತ ಒಂದು ಲೆಕ್ಕ ಬೇಡ್ವಾ ಮೇಷ್ಟ್ರೇ? ನಾಳೆ ದಾರೀಲಿ ಹೋಗೋನೂ ನಾನು ಈ ಸಭೆಯೋನು ಅಂದ್ರೆ?"

ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. "ಬಂದವರನ್ನ ಲೆಕ್ಕ ಹಾಕೋದು ಸುಲಭ ಕಣಯ್ಯ. ಯಾರು ಬರದೇ ಇದ್ರೆ ನಮಗೆ ಕಸಿವಿಸಿ ಆಗತ್ತೋ, ಯಾರನ್ನ ಹುಡುಕ್ಕೊಂಡು ಹೋಗ್ತೀವೋ, ಅವರು ನಮ್ಮವರು ಅಂತ ಇಟ್ಕೊಳ್ಳೋಣ."

ಅದೇ ನಿಯಮವಾಯಿತು. ಭಾನುವಾರ ಯಾರಾದರೂ ಬರದಿದ್ದರೆ ಅವತ್ತೇ ಸಂಜೆಯೊಳಗೆ ಯಾರಾದರೊಬ್ಬರು ಅವರ ಮನೆ ಬಾಗಿಲು ತಟ್ಟಬೇಕು. ನರ್ಸಮ್ಮನಿಗೆ ಮೊದಮೊದಲು ಇದು ತಲೆನೋವಾಗಿತ್ತು. ಡ್ಯೂಟಿ ಮುಗಿಸಿ ಮಲಗಿದ್ದಾಗಲೇ ಬಡಗಿ ಹೋಗಿ ಬಾಗಿಲು ಬಡಿಯುತ್ತಿದ್ದ.

ಆ ದನಿ ಕೇಳಿಸಿದ್ದು ಬಿಸಿಲು ಚೆನ್ನಾಗಿದ್ದ ಒಂದು ಬೆಳಿಗ್ಗೆ. ಹಾಡಿನ ನಡುವೆ, ಎಲ್ಲರ ಕೆಳಗೆ, ನೆಲಕ್ಕೆ ಹತ್ತಿದಂತೆ ಒಂದು ಗಂಡು ದನಿ. ಬಡಗಿ ಇರಬೇಕು ಎಂದುಕೊಂಡಳು ಅಕ್ಕ. ಹಾಡು ಮುಗಿದು ಕಣ್ಣು ತೆರೆದಾಗ ನೆನಪಾಯಿತು, ಬಡಗಿ ಅವತ್ತು ಬಂದಿರಲಿಲ್ಲ. ಮೇಷ್ಟ್ರದು ಕೀರಲು ಕಂಠ. ಉಳಿದವರೆಲ್ಲ ಹೆಂಗಸರು.

ಮುಂದಿನ ವಾರ ಎಲ್ಲರಿಗೂ ಕೇಳಿಸಿತು. ಎಲ್ಲರೂ ಹಾಡು ನಿಲ್ಲಿಸಿದ ಮೇಲೂ ಆ ದನಿ ಇನ್ನೊಂದು ಉಸಿರಿನಷ್ಟು ಮುಂದೆ ಹೋಗಿ, ತಪ್ಪು ಮಾಡಿದವರಂತೆ ಥಟ್ಟನೆ ನಿಂತಿತು. ಬಡಗಿ ಎದ್ದು ಗೋಡೆಗಳನ್ನೆಲ್ಲ ಗೆಣ್ಣಿನಿಂದ ತಟ್ಟಿ ನೋಡಿದ. ಪಕ್ಕದ ಕಟ್ಟಡ ಹಳೆ ಕಾಗದ ತುಂಬಿಡುವ ಗೋದಾಮು, ಬೀಗ ಹಾಕಿತ್ತು. ಯಜಮಾನನನ್ನು ಕರೆಸಿ ತೆಗೆಸಿದರು. ಸೂರಿನ ತನಕ ಕಾಗದದ ಕಟ್ಟುಗಳು. ಒಬ್ಬ ಮನುಷ್ಯ ನಿಲ್ಲಲೂ ಜಾಗವಿರಲಿಲ್ಲ.

ಬಡಗಿಯ ಹೆಂಡತಿ ಅಕ್ಕನ ಕೈ ಹಿಡಿದುಕೊಂಡು ಅತ್ತಳು. "ನಿಮ್ಮಣ್ಣ ಅಕ್ಕ. ನಿಮ್ಮನ್ನ ಬಿಟ್ಟು ಹೋಗಿಲ್ಲ ನೋಡಿ. ಅವರನ್ನ ಹೊರಗೆ ಹಾಕಿದ್ರಲ್ಲ, ಇಲ್ಲಿಗೆ ಬಂದಿದ್ದಾರೆ."

ಎಲ್ಲರಿಗೂ ಅದು ಸರಿ ಅನ್ನಿಸಿತು. ಭಯ ಹೋಗಿ ಒಂಥರಾ ಸಮಾಧಾನ ಬಂತು. ಅಣ್ಣನಿಗೆಂದು ಹಿಂದಿನ ಬೆಂಚಿನ ತುದಿ ಖಾಲಿ ಬಿಡತೊಡಗಿದರು. ಆದರೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಕಡೆಗೊಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ಬಾಯಿಬಿಟ್ಟಳು.

"ಅದು ನಮ್ಮಣ್ಣ ಅಲ್ಲ."

"ಹಾಗಂದ್ರೆ?" ಎಂದರು ಮೇಷ್ಟ್ರು.

"ಅಣ್ಣನ ದನಿ ನನಗೆ ಗೊತ್ತಿಲ್ವಾ? ಅವನಾಗಿದ್ರೆ ಎಷ್ಟು ಚೆನ್ನಾಗಿತ್ತು. ಇದು ಯಾರದೋ. ನಾನು ಯಾವತ್ತೂ ಕೇಳಿದ ದನಿ ಅಲ್ಲ. ಇನ್ನೊಂದು ವಿಷಯ. ಅದಕ್ಕೆ ಹಾಡು ಬರಲ್ಲ."

"ಹಾಡ್ತಾ ಇದೆಯಲ್ಲ!"

"ನಮ್ಮ ಹಿಂದೆ ಹಿಂದೆ ಬರ್ತಾ ಇದೆ. ನಾವು ಅಂದ ಮೇಲೆ ಅನ್ನತ್ತೆ. ಮೊದಲ ವಾರ ಪದಗಳೇ ಇರಲಿಲ್ಲ, ಬರೀ ರಾಗ. ಈಗ ಒಂದೊಂದೇ ಪದ ಬರ್ತಾ ಇದೆ. ಕಲೀತಾ ಇದೆ."

ಕೋಣೆಯಲ್ಲಿ ಬಿಸಿಲಿತ್ತು. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಖಾಲಿ ಬಿಟ್ಟಿದ್ದ ಜಾಗದಿಂದ ನರ್ಸಮ್ಮ ತನ್ನ ಸೆರಗನ್ನು ಮೆಲ್ಲಗೆ ಎಳೆದುಕೊಂಡಳು.

"ಪರೀಕ್ಷೆ ಮಾಡೇಬಿಡೋಣ," ಎಂದ ಬಡಗಿ. ಹಾಡು ಮತ್ತೆ ಎತ್ತಿಕೊಂಡರು. ಎರಡನೇ ಚರಣದ ನಡುವೆ, ಅವನು ಕೈ ಎತ್ತಿದೊಡನೆ ಎಲ್ಲರೂ ಬಾಯಿ ಮುಚ್ಚಿದರು. ದನಿ ನಿಲ್ಲಲಿಲ್ಲ. ಒಂಟಿಯಾಗಿ ಮುಂದೆ ಹೋಯಿತು. ಸಾಲಿನ ಅರ್ಧ ಸರಿಯಾಗಿತ್ತು. ಆಮೇಲೆ ಪದ ಸಿಗದೆ ತಡವರಿಸಿ, ಅದೇ ಪದವನ್ನು ಎರಡು ಸಲ ಅಂದು, ಮುಂದೆ ಏನು ಎಂದು ಕೇಳುವಂತೆ ಮೇಲಕ್ಕೆ ಎಳೆದು ನಿಂತಿತು.

ಅಕ್ಕನಿಗೆ ಅಭ್ಯಾಸಬಲ, ಬಾಯಿಗೆ ಮೊದಲು ಬಂದ ಮಾತು, "ಹಲೋ, ಯಾರು ಮಾತಾಡ್ತಿರೋದು?"

ಉತ್ತರ ಬರಲಿಲ್ಲ. ಆದರೆ ಲೈನಿನ ಆ ತುದಿಯಲ್ಲಿ ಯಾರೋ ರಿಸೀವರ್ ಹಿಡಿದುಕೊಂಡು ಸುಮ್ಮನಿದ್ದಾಗ ಇರುವಂಥ ಮೌನ ಅದು. ಖಾಲಿ ಲೈನಿನ ಮೌನ ಬೇರೆ, ಇದು ಬೇರೆ. ಆಕೆಗೆ ಗೊತ್ತಿತ್ತು.

ಬಡಗಿಯ ಮುಖ ಬಿಳಿಚಿಕೊಂಡಿತ್ತು. "ಇದನ್ನ ಇವತ್ತೇ ಇಲ್ಲಿಂದ ಓಡಿಸಬೇಕು ಮೇಷ್ಟ್ರೇ. ದೊಡ್ಡ ಚರ್ಚಿನ ಪಾದ್ರಿಯನ್ನಾದರೂ ಕರೀರಿ. ಅಣ್ಣ ಅಂತ ಸುಮ್ಮನಿದ್ವಿ. ಇದು ಯಾರೋ ಏನೋ!"

"ಅಣ್ಣ ಆಗಿದ್ರೆ ಇರಬಹುದು, ಗುರುತಿಲ್ಲದೋನಾದ್ರೆ ಹೋಗಬೇಕು. ಹಾಗಾ?" ಮೇಷ್ಟ್ರ ದನಿಯೂ ಗಟ್ಟಿಯಾಗಿರಲಿಲ್ಲ.

"ಗುರುತಿಲ್ಲದೋನು ಅಂತ ಅನ್ನೋಕೆ ಅದು ಮನುಷ್ಯನೇ ಅಂತ ಯಾರಿಗೆ ಗೊತ್ತು?"

ಎಲ್ಲರೂ ಅಕ್ಕನ ಮುಖ ನೋಡಿದರು. ಮನೆ ಅವಳದು, ದನಿಯ ವಿಷಯದಲ್ಲಿ ಮಾತೂ ಅವಳದೇ. ಎಲ್ಲರೂ ಹೋದ ಮೇಲೆ ಈ ಕೋಣೆಯಲ್ಲಿ ಉಳಿಯುವವಳು ಅವಳೊಬ್ಬಳೇ. ಬೇಡ ಎಂದು ಹೇಳುವುದಕ್ಕೇ ಬಾಯಿ ತೆರೆದಳು. ಆಗ ಚಹಾ ಲೋಟ ಹಿಡಿದು ಕೂತಿದ್ದ ಹಿರಿಯರಿಬ್ಬರು ಕಣ್ಣ ಮುಂದೆ ಬಂದರು. ಅವರೂ ಒಳ್ಳೆಯವರೇ ಆಗಿದ್ದರು.

"ಮುಂದಿನ ವಾರದಿಂದ ಸ್ವಲ್ಪ ನಿಧಾನಕ್ಕೆ ಹಾಡೋಣ," ಎಂದಳು. "ನಾವು ಓಡಿದ್ರೆ ಅದಕ್ಕೆ ಪದ ಸಿಗಲ್ಲ."

ಬಡಗಿ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟುಹೋದ. ಮುಂದಿನ ವಾರ ಅವರು ಬರಲಿಲ್ಲ. ಸಂಜೆ ಅಕ್ಕ ಹೋಗಿ ಅವರ ಬಾಗಿಲು ತಟ್ಟಿದಳು.

"ನಾವು ನಿಮ್ಮ ಸಭೆ ಬಿಟ್ಟಿದ್ದೀವಿ ಅಕ್ಕ," ಎಂದ ಬಡಗಿ, ಬಾಗಿಲು ಅರ್ಧ ತೆರೆದು. "ಇನ್ನೂ ಯಾಕೆ ಬರ್ತೀರಿ?"

"ನೀವು ಬಿಟ್ಟಿದ್ದೀರಿ. ನಾವಿನ್ನೂ ಬಿಟ್ಟಿಲ್ಲ."

ಅವನು ತಲೆ ಕೆರೆದುಕೊಂಡ. ಒಳಗೆ ಕರೆಯಲಿಲ್ಲ. ಆಕೆ ಪ್ರತಿ ಭಾನುವಾರ ಹೋದಳು, ಹೊಸಿಲಲ್ಲೇ ನಿಂತು ಕ್ಷೇಮ ಕೇಳಿ ಬಂದಳು. ಕೆಲವು ವಾರದ ಮೇಲೆ ಬಡಗಿಯ ಹೆಂಡತಿ ಒಂದು ಸ್ಟೂಲು ತಂದು ಹೊಸಿಲ ಹೊರಗೆ ಹಾಕಿದಳು.

ಇತ್ತ ನಡುಮನೆಯ ದನಿ ಒಂದೊಂದೇ ಹಾಡು ಕಲಿತುಕೊಂಡಿತು. ಉಳಿದ ಬೆರಳೆಣಿಕೆಯ ಜನಕ್ಕೆ ಭಯ ಹೋಗಿತ್ತು ಎನ್ನಲಾರೆ. ಭಯದ ಜೊತೆ ಬದುಕುವುದು ಅಭ್ಯಾಸವಾಗಿತ್ತು. ವಾರದ ದಿನಗಳಲ್ಲಿ ಆ ಕೋಣೆಯಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಅಕ್ಕ ಅಲ್ಲಿ ಬಟ್ಟೆ ಬದಲಿಸುವುದನ್ನು ಬಿಟ್ಟಿದ್ದಳು, ಕಸ ಗುಡಿಸುವ ಮೊದಲು ಒಂದು ಸಲ ಕೆಮ್ಮುತ್ತಿದ್ದಳು.

ಹೀಗಿರುವಾಗ ಮನೆಯ ಮಾಲೀಕರು ಜಾಗ ಮಾರಿದರು. ಮನೆ ಕೆಡವಿ ಅಂಗಡಿ ಸಾಲು ಕಟ್ಟುವವರಿದ್ದರು. ಅಕ್ಕನಿಗೆ ನರ್ಸಮ್ಮನ ಮನೆಯ ಹಿಂದಿನ ಕೋಣೆ ಸಿಕ್ಕಿತು. ಸಭೆಗೆ ಮೇಷ್ಟ್ರು ಟೈರ್ ಅಂಗಡಿಯ ಮೇಲಿನ ಕೋಣೆ ನೋಡಿದರು. ಕಡಿದಾದ, ಕಿರಿದಾದ ಮೆಟ್ಟಿಲು, ರಬ್ಬರಿನ ವಾಸನೆ, ಒಂದೇ ಕಿಟಕಿ. ಬೆಂಚುಗಳನ್ನು ಸಾಗಿಸಿದರು. ಮೊದಲ ಭಾನುವಾರ ಹಾಡಿದರು. ಕೆಳಗಿನ ಆ ದನಿ ಇರಲಿಲ್ಲ. ಎರಡನೇ ವಾರವೂ ಇಲ್ಲ.

ಹಾಯೆನಿಸಬೇಕಿತ್ತು. ಆದರೆ ಹಾಡು ಕಾಲು ಮುರಿದ ಮೇಜಿನಂತೆ ಒಂದು ಕಡೆಗೆ ವಾಲುತ್ತಿತ್ತು. ಮೇಷ್ಟ್ರು ಬೈಬಲ್ ಮುಚ್ಚಿ, "ಒಬ್ಬರು ಬಂದಿಲ್ಲ," ಎಂದರು. ಅಷ್ಟೇ ಅಂದದ್ದು. ಅವತ್ತು ಮಧ್ಯಾಹ್ನ ಅಕ್ಕ ಹಳೆ ಮನೆಗೆ ಹೋದಳು.

ಸೂರು ಆಗಲೇ ಇಳಿದಿತ್ತು. ನಡುಮನೆಯ ಒಂದು ಗೋಡೆ ಮಾತ್ರ ನಿಂತಿತ್ತು. ಕೆಲಸದವರು ಅದರಿಂದ ದೂರ ಕೂತಿದ್ದರು. ಅವರ ಮೇಸ್ತ್ರಿ ಎದ್ದು ಬಂದ.

"ಈ ಮನೇಲಿ ಇದ್ದೋರು ನೀವೇನಾ ಅಮ್ಮ? ನಮ್ಮ ಹುಡುಗರು ಈ ಗೋಡೆ ಮುಟ್ತಾ ಇಲ್ಲ. ಬೆಳಿಗ್ಗೆ ಯಾರೋ ಹಾಡಿದ ಹಾಗೆ ಆಯ್ತಂತೆ. ನಿಧಾನಕ್ಕೆ, ತುಂಬ ನಿಧಾನಕ್ಕೆ. ಪೂರ್ತಿ ಹಾಡು."

ಅಕ್ಕ ಇಟ್ಟಿಗೆ ಚೂರು ದಾಟಿಕೊಂಡು ಗೋಡೆಯ ಹತ್ತಿರ ಹೋದಳು. ಜನ ನೋಡುತ್ತಿದ್ದಾರೆಂದು ನಾಚಿಕೆ ಆಯಿತು.

"ನೋಡಿ," ಎಂದಳು ಮೆಲ್ಲಗೆ, "ನಿಮಗೆ ಹೇಳದೇ ಹೊರಟುಬಿಟ್ವಿ. ತಪ್ಪಾಯ್ತು. ಈ ಬೀದಿ ಮುಗಿದ ಮೇಲೆ ಎಡಕ್ಕೆ. ಟೈರ್ ಅಂಗಡಿ ಪಕ್ಕದಲ್ಲಿ ಮೆಟ್ಟಿಲಿದೆ. ಮೇಲೆ ಬನ್ನಿ. ಬಾಗಿಲು ತೆಗೆದಿರತ್ತೆ."

ಏನೂ ಆಗಲಿಲ್ಲ. ಗಾಳಿಗೆ ಸುಣ್ಣದ ಪುಡಿ ಉದುರಿತು. ಮಾರನೆಯ ದಿನ ಗೋಡೆ ಬಿದ್ದಿತೆಂದೂ ಅದರೊಳಗೆ ಇಟ್ಟಿಗೆಯ ಹೊರತು ಏನೂ ಇರಲಿಲ್ಲವೆಂದೂ ತಿಳಿಯಿತು.

ಆಮೇಲಿನ ಭಾನುವಾರ ಬಾಗಿಲು ತೆರೆದಿಟ್ಟುಕೊಂಡು ಹಾಡಿದರು. ಇಲ್ಲ. ಎಷ್ಟೋ ವಾರ ಇಲ್ಲ. ಚಳಿ ಬಂತು, ನರ್ಸಮ್ಮ ಶಾಲು ಹೊದ್ದು ಕೂತಳು, ಬಾಗಿಲು ಮುಚ್ಚೋಣ ಎಂದು ಯಾರೂ ಅನ್ನಲಿಲ್ಲ. ಬಡಗಿಯ ಹೆಂಡತಿ ಒಂದು ದಿನ ಒಬ್ಬಳೇ ಮೇಲೆ ಬಂದು ಕೊನೆಯಲ್ಲಿ ಕೂತಳು. "ಅವರು ಬರಲ್ಲ. ಆದ್ರೆ ಕೆಳಗೆ ನಿಂತಿದ್ದಾರೆ," ಎಂದಳು ನಾಚಿಕೊಂಡು. ಅವತ್ತೇ ಹಾಡಿನ ನಡುವೆ ಮೆಟ್ಟಿಲ ಕಡೆಯಿಂದ ಆ ತಗ್ಗಿನ ದನಿ ಬಂತು. ಪದ ತಪ್ಪಿರಲಿಲ್ಲ. ಮೇಲೆ ಬರಲಿಲ್ಲ, ಅಲ್ಲೇ ಉಳಿಯಿತು. ಕೆಳಗಿದ್ದ ಬಡಗಿಯನ್ನು ಆಮೇಲೆ ಕೇಳಿದರೆ, ಮೆಟ್ಟಿಲು ಖಾಲಿಯಿತ್ತು ಎಂದ. ಹಾಡು ಮಾತ್ರ ತನಗೂ ಕೇಳಿಸಿತು ಎಂದ. ಮುಂದಿನ ವಾರ ಅವನೂ ಬಂದ. ಮೆಟ್ಟಿಲು ಹತ್ತುವಾಗ ಗೋಡೆಗೆ ಒತ್ತಿಕೊಂಡು, ಒಂದು ಬದಿ ಬಿಟ್ಟು ಹತ್ತಿದ.

ಹೀಗೆ ವರ್ಷಗಳಾದವು. ಮೇಷ್ಟ್ರು ತೀರಿಕೊಂಡರು, ಅವರನ್ನು ಮಣ್ಣು ಮಾಡುವಾಗ ಎಲ್ಲ ಹಾಡುಗಳನ್ನೂ ಹಾಡಿದರು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಯಿತು. ಸಭೆ ದೊಡ್ಡದೇನೂ ಆಗಲಿಲ್ಲ. ಬಂದವರು ಬಂದರು, ಹೋದವರ ಬಾಗಿಲನ್ನು ಇವರು ಹೋಗಿ ತಟ್ಟಿದರು.

ಒಂದು ಭಾನುವಾರ ಗಡಿಯಾರ ರಿಪೇರಿಯವನೊಬ್ಬ ಮೊದಲ ಸಲ ಬಂದ. ಹೆಂಡತಿಯನ್ನು ಕಳೆದುಕೊಂಡವನು, ಯಾರ ಪರಿಚಯವೂ ಇಲ್ಲ. ಮೊದಲ ಹಾಡು ಮುಗಿಯುವ ಹೊತ್ತಿಗೆ ಒಳಗೆ ಬಂದು ಅಕ್ಕನ ಪಕ್ಕ ಕೂತು, ಪಿಸುಮಾತಿನಲ್ಲಿ ಕೇಳಿದ.

"ಮೆಟ್ಟಿಲ ಮೇಲೆ ಕೂತಿದ್ದಾರಲ್ಲ, ಅವರು ಯಾಕೆ ಒಳಗೆ ಬರಲ್ಲ? ಎಂಥ ಒಳ್ಳೆ ದನಿ."

"ನೀವು... ನೋಡಿದ್ರಾ?" ಎಂದಳು ಬಡಗಿಯ ಹೆಂಡತಿ.

"ಹತ್ತುವಾಗ ಸರಿದು ದಾರಿ ಬಿಟ್ರು. ಮುಖ ಗೋಡೆ ಕಡೆ ಇತ್ತು, ಸರಿಯಾಗಿ ಕಾಣಲಿಲ್ಲ. ಈಗಲೂ ಅಲ್ಲೇ ಇದ್ದಾರೆ, ನೋಡಿ ಬೇಕಾದ್ರೆ."

ತೆರೆದ ಬಾಗಿಲು ಅಕ್ಕನಿಂದ ಎರಡು ಮಾರು ದೂರದಲ್ಲಿತ್ತು. ಎದ್ದು ಬಗ್ಗಿದರೆ ಮೆಟ್ಟಿಲು ಪೂರ್ತಿ ಕಾಣುತ್ತಿತ್ತು. ಎಲ್ಲರೂ ಅವಳು ಏಳುವುದನ್ನೇ ಕಾದರು. ಅವಳು ಮಂಡಿಯ ಮೇಲೆ ಕೈಯೂರಿದಳು. ಆಮೇಲೆ ಕೈ ತೆಗೆದು ಹಾಡಿನ ಪುಸ್ತಕ ತೆರೆದು, ಹೊಸಬನ ಕಡೆಗೆ ಸರಿಸಿ, ಅವನಿಗೆ ಕಾಣುವಂತೆ ಬೆರಳಿಟ್ಟು ತೋರಿಸಿದಳು.

"ಇಲ್ಲಿಂದ. ನಿಧಾನಕ್ಕೆ ಹಾಡ್ತೀವಿ, ಗಾಬರಿ ಬೇಡ."